ಪೆಟ್ಟಿಗೆಯ ಕಿಲೊ

ಆಗ ನನಗೆ ಐವತ್ತೊಂಬತ್ತು ವರ್ಷ; ಈಗ್ಗೆ ಏಳು ವರ್ಷದ ಹಿಂದಿನ ಮಾತು. ನಮ್ಮೂರ ಸರಕಾರಿ ಶಾಲೆಯಲ್ಲಿ ನಾನು ಬಿಸಿಯೂಟದ ಮುಖ್ಯ ಅಡುಗೆಯವಳು. ಉಗ್ರಾಣದ ಚಾವಿ ನನ್ನ ಸೊಂಟದಲ್ಲಿ, ತಕ್ಕಡಿ ನನ್ನ ಕೈಯಲ್ಲಿ, ಅಡುಗೆಮನೆಯ ಕಿಟಕಿಯ ಕಲ್ಲಿನ ಮೇಲೆ ನನ್ನ ಕಬ್ಬಿಣದ ತೂಕದ ಬಟ್ಟು. ಒಂದು ಕಿಲೊದ್ದು. ಅದರ ಹೊಟ್ಟೆಯಲ್ಲಿ ಸೀಸ ತುಂಬಿ ಮುದ್ರೆ ಒತ್ತಿದ್ದರು. ವರ್ಷಗಟ್ಟಲೆ ಎಣ್ಣೆ, ಹೊಗೆ, ಬೇಳೆಯ ಧೂಳು ಕುಡಿದು ಅದು ಕಪ್ಪಗೆ ನುಣ್ಣಗಾಗಿತ್ತು. ಅಂಗೈಯಲ್ಲಿ ಇಟ್ಟರೆ ಮಲಗಿದ ಬೆಕ್ಕಿನಂತೆ ಸುಮ್ಮನೆ ಭಾರವಾಗಿ ಕೂರುತ್ತಿತ್ತು. ಅಕ್ಕಿಗೆ ಡಬ್ಬಿಯ ಅಳತೆ ಸಾಕಾಗುತ್ತಿತ್ತು. ತೊಗರಿಬೇಳೆಗೆ ಮಾತ್ರ ತಕ್ಕಡಿ, ಯಾಕೆಂದರೆ ಬೇಳೆಯ ಮೇಲೆ ಎಲ್ಲರ ಕಣ್ಣು.

ಅರವತ್ತಾದರೆ ಈ ಕೆಲಸ ಬಿಡಬೇಕು. ನನಗೆ ಒಂದು ವರ್ಷ ಉಳಿದಿತ್ತು, ಒಂದೇ ಆಸೆಯೂ ಉಳಿದಿತ್ತು. ನನಗಿಂತ ಮುಂಚೆ ಮುಖ್ಯ ಅಡುಗೆಯವಳಾಗಿದ್ದವಳು ಕೆಲಸ ಬಿಟ್ಟ ದಿನ ಆಕೆಯನ್ನು ಗೇಟಿನಲ್ಲಿ ನಿಲ್ಲಿಸಿ ಚೀಲ ಬಿಚ್ಚಿಸಿ ನೋಡಿದ್ದರು. ಸಿಕ್ಕಿದ್ದು ಒಂದು ಹಳೆಯ ಸೀರೆ, ನಾಲ್ಕು ಎಲೆ, ಸುಣ್ಣದ ಡಬ್ಬಿ. ಏನೂ ಸಿಗಲಿಲ್ಲ ಎನ್ನುವುದನ್ನು ಊರು ಮರೆಯಿತು, ಚೀಲ ಬಿಚ್ಚಿಸಿದ್ದನ್ನು ಮರೆಯಲಿಲ್ಲ. ನನ್ನ ಚೀಲವನ್ನು ಯಾರೂ ಬಿಚ್ಚಿಸಬಾರದು, ಅಷ್ಟಾದರೆ ಸಾಕಿತ್ತು.

ನಾನು ಕಲಿತದ್ದು ಎರಡನೆಯ ತರಗತಿ. ಅಂಕಿಗಳು ಬರುತ್ತವೆ. ಕನ್ನಡವನ್ನು ಕೂಡಿಸಿ ಕೂಡಿಸಿ ಓದುತ್ತೇನೆ. ಬಸ್ಸಿನ ಬೋರ್ಡು ಓದಿ ಮುಗಿಸುವ ಹೊತ್ತಿಗೆ ಬಸ್ಸು ಸುಲೇಪೇಟೆ ಮುಟ್ಟಿರುತ್ತದೆ. ಇಷ್ಟು ಬರೆಯುವುದಕ್ಕೆ ಎಷ್ಟು ದಿನ ಹಿಡಿಯಿತೆಂದು ನೀವು ಕೇಳಬೇಡಿ, ನಾನು ಹೇಳುವುದಿಲ್ಲ.

ಆ ವರ್ಷ ಸರಕಾರದಿಂದ ಶಾಲೆಗೆ ಎರಡು ದೊಡ್ಡ ಪೆಟ್ಟಿಗೆ ಬಂದವು. ಇಂಗ್ಲಿಷು, ಗಣಿತ, ವಿಜ್ಞಾನ ಕಲಿಸಲು ಏನೇನು ಬೇಕೋ ಎಲ್ಲವನ್ನೂ ತಯಾರು ಮಾಡಿಯೇ ತುಂಬಿ ಕಳಿಸಿದ್ದರು; ಮಾಸ್ತರರು ಚಿತ್ರ ಬರೆಯುವುದು ಬೇಡ, ಕಲ್ಲು ಕಡ್ಡಿ ಆರಿಸುವುದು ಬೇಡ, ಪೆಟ್ಟಿಗೆ ತೆಗೆದರೆ ಪಾಠ ಶುರು. ಹೆಡ್ ಮಾಸ್ತರರು ಒಂದು ಸಲ ತೆಗೆದರು, ಎಣಿಸಿದರು, ಮುಚ್ಚಿದರು. "ಏನರ ಹಾಳಾದ್ರ ನಾ ಜವಾಬ್ ಕೊಡಬೇಕಾಗ್ತದ ಆಯಿ. ನಿಮ್ಮ ಉಗ್ರಾಣದಾಗ ಇಡ್ರಿ," ಎಂದರು. ಇಡೀ ಶಾಲೆಯಲ್ಲಿ ಗಟ್ಟಿ ಕೀಲಿ ಇದ್ದದ್ದು ಅಕ್ಕಿ ಬೇಳೆಗೆ ಮಾತ್ರ. ಹಾಗಾಗಿ ವಿದ್ಯೆಯೂ ಬಂದು ಬೇಳೆ ಚೀಲದ ಪಕ್ಕ ಕುಳಿತಿತು.

ಚಾವಿ ನನ್ನದಾದ್ದರಿಂದ ನಾನು ಎಲ್ಲವನ್ನೂ ನೋಡಿದೆ. ಇಂಗ್ಲಿಷಿನ ಪಟದಲ್ಲಿ ಮೊದಲು ಸೇಬು. ನಮ್ಮ ಕಡೆ ಸೇಬೆಂದರೆ ದವಾಖಾನೆಯಲ್ಲಿ ಮಲಗಿದವರಿಗೆ ಒಯ್ಯುವ ಹಣ್ಣು. ಅದನ್ನು ಕಂಡರೆ ಮಕ್ಕಳು ಯಾರಿಗೆ ಏನಾಯಿತೆಂದು ಕೇಳುತ್ತವೆ. ನಡುವೆ ಒಂದು ಕಡೆ ಮಂಜುಗಡ್ಡೆಯ ಇಟ್ಟಿಗೆಯಲ್ಲಿ ಕಟ್ಟಿದ ಗುಂಡನೆಯ ಮನೆ. ಸೇಡಂ ಕಡೆಯ ಬಿಸಿಲಿನಲ್ಲಿ ಆ ಮನೆ ಒಂದು ಕಪ್ ಚಹಾ ಕುದಿಯುವಷ್ಟು ಹೊತ್ತೂ ನಿಲ್ಲಲಾರದು. ಇನ್ನೊಂದು ಪೆಟ್ಟಿಗೆಯಲ್ಲಿ ಒಂದು ಎಲುಬಿನ ಗೊಂಬೆ, ಕೈಕಾಲು ಬಿಚ್ಚಿ ಜೋಡಿಸುವಂಥದ್ದು. ಆ ಉಗ್ರಾಣಕ್ಕೆ ಕಾಲಿಟ್ಟವರಲ್ಲಿ ನನಗೆ ಪೂರ್ತಿ ನಂಬಿಕೆ ಇದ್ದದ್ದು ಅವನೊಬ್ಬನ ಮೇಲೆ. ಏನನ್ನೂ ತಿನ್ನುತ್ತಿರಲಿಲ್ಲ.

ತಯಾರು ಸಾಮಾನಿನ ಮೇಲೆ ನನಗೆ ಹಗೆಯೇನೂ ಇಲ್ಲ. ಒಮ್ಮೆ ವಾಡಿ ಸ್ಟೇಷನ್ನಿನ ಎದುರು ರೆಡಿಮೇಡ್ ಕುಬಸ ಕೊಂಡಿದ್ದೆ. ಬಣ್ಣ ಬಲು ಚೆಂದ, ಹೊಲಿಗೆ ನೇರ, ಆದರೆ ತೋಳು ಒಬ್ಬಳದು, ಬೆನ್ನು ಮತ್ತೊಬ್ಬಳದು. ಎಲ್ಲೂ ಹುಟ್ಟದ ಒಬ್ಬ ಹೆಂಗಸಿನ ಅಳತೆಗೆ ಅದನ್ನು ಹೊಲಿದಿದ್ದರು. ಆ ಪೆಟ್ಟಿಗೆಗಳನ್ನು ನೋಡಿದಾಗ ನನಗೆ ಆ ಕುಬಸ ನೆನಪಾಯಿತು. ಎಲ್ಲೋ ಒಂದು ಶಾಲೆ ಇರಬೇಕು, ಅಲ್ಲಿಯ ಮಕ್ಕಳ ಕೈ ಸದಾ ತೊಳೆದಿರಬೇಕು, ಮನೆ ಮಂಜಿನದಿರಬೇಕು. ಪೆಟ್ಟಿಗೆ ಅಲ್ಲಿಗೆ ಹೊರಟಿದ್ದು ದಾರಿತಪ್ಪಿ ನಮ್ಮಲ್ಲಿ ಇಳಿದಿರಬೇಕು.

ನಮ್ಮ ಶಾಲೆಯಲ್ಲಿ ರೇಣುಕಾ ಟೀಚರ್ ಎಂದು ಒಬ್ಬಳಿದ್ದಳು, ಶಹಾಬಾದಿನ ಹುಡುಗಿ. ಅವಳ ಊರಿನ ಕಲ್ಲೇ ನಮ್ಮ ಶಾಲೆಯ ನೆಲ, ಆದ್ದರಿಂದ ತವರಿನ ಹಕ್ಕಿನಿಂದ ನೆಲದ ತುಂಬ ಸೀಮೆಸುಣ್ಣದಲ್ಲಿ ಬರೆದು ಕಲಿಸುತ್ತಿದ್ದಳು. ಒಂದು ಬೆಳಿಗ್ಗೆ ಅಡುಗೆಮನೆಗೆ ಬಂದು ಕೈಚಾಚಿದಳು.

"ಆಯಿ, ನಿಮ್ಮ ಬಟ್ಟು ಒಂದ್ ತಾಸು ಕೊಡ್ರಿ. ಕಿಲೊ ಅಂದ್ರ ಏನು ಅಂತ ಹುಡುಗ್ರ ಕೈಯಾಗ ಇಟ್ಟು ತೋರಿಸ್ತೀನಿ."

"ಪೆಟ್ಟಿಗ್ಯಾಗ ಹೊಸಾವು ಅವ ಅಲ್ಲೇನು?"

"ಹೆಡ್ ಮಾಸ್ತರ್ ಮುಟ್ಟಗೊಡಂಗಿಲ್ರಿ. ಸಾಹೇಬ್ರು ಬಂದಾಗ ಹೊಸಾದೇ ಕಾಣಬೇಕಂತ."

ಕೊಟ್ಟೆ. ಪಾಠ ಮುಗಿದ ಮೇಲೆ ಅವಳು ನನ್ನ ಬಟ್ಟನ್ನು ಜೋಪಾನವಾಗಿ ತನ್ನ ಕಪಾಟಿನಲ್ಲಿಟ್ಟು ಕೀಲಿ ಹಾಕಿದಳು, ಚಾವಿಯನ್ನು ಪರ್ಸಿನಲ್ಲಿ ಹಾಕಿಕೊಂಡಳು, ಮರುದಿನ ತರಬೇತಿಗೆಂದು ಚಿಂಚೋಳಿಗೆ ಹೋದಳು. ಏನು ತರಬೇತಿ ಗೊತ್ತೇ? ಆ ಪೆಟ್ಟಿಗೆಯ ಸಾಮಾನನ್ನು ಬಳಸುವುದು ಹೇಗೆ ಎನ್ನುವುದರ ತರಬೇತಿ. ಎಂಟು ದಿನ. ಫೋನು ಮಾಡಿಸಿದರೆ, "ಅಯ್ಯ ಆಯಿ, ಮರ್ತೇ ಬಿಟ್ಟೆ. ಹ್ಯಾಂಗರ ಮಾಡಿ ನಡೆಸ್ರಿ," ಎಂದಳು.

ನಡೆಸಿದೆ. ಪೆಟ್ಟಿಗೆಯಿಂದ ಕೆಂಪು ಪ್ಲಾಸ್ಟಿಕ್ಕಿನ ಬಟ್ಟು ತೆಗೆದೆ. ನನ್ನದರ ಮೇಲಿದ್ದ ಅಂಕಿಯೇ ಅದರ ಮೇಲೂ ಇತ್ತು, ಇನ್ನೂ ದಪ್ಪಗೆ, ಬೆಳ್ಳಗೆ. ತಳದಲ್ಲಿ ಇರುವೆ ಸಾಲಿನಂಥ ಇಂಗ್ಲಿಷಿತ್ತು. ಮಾಡಿದವರ ಹೆಸರಿರಬೇಕು ಎಂದುಕೊಂಡೆ. ಕೈಯಲ್ಲಿ ಹಿಡಿದ ಕೂಡಲೆ ಕೈ ಹೇಳಿತು, ಇದು ಹಗುರ ಎಂದು. ಈ ಕೆಲಸಕ್ಕೆ ಬರುವ ಮುಂಚೆ ಬೇಳೆ ಮಿಲ್ಲಿನಲ್ಲಿ ದುಡಿದ ಕೈ ಅದು, ಬೇಳೆಯ ವಿಷಯದಲ್ಲಿ ಸುಳ್ಳು ಹೇಳುವ ಕೈಯಲ್ಲ. ಆದರೂ ನಾನು ಕೈಯನ್ನೇ ಗದರಿಸಿದೆ. ಬರೆದದ್ದು ಸುಳ್ಳಾಗುತ್ತದೆಯೇ? ನಾನು ಚಿಕ್ಕವಳಿದ್ದಾಗ ಸೇರು ಇತ್ತು, ಒಂದು ದಿನ ಕಿಲೊ ಬಂತು, ಯಾರೂ ನನ್ನನ್ನು ಕೇಳಲಿಲ್ಲ. ಗುಲಬರ್ಗಾ ಇದ್ದದ್ದು ಕಲಬುರಗಿ ಆಯಿತು, ಆಗಲೂ ಕೇಳಲಿಲ್ಲ. ಹಾಗೆಯೇ ಸರಕಾರ ಈಗ ಕಿಲೊವನ್ನು ಸ್ವಲ್ಪ ಹಗುರ ಮಾಡಿರಬಹುದು. ಮಾಡಿದ್ದರೆ ಹೊಸ ಕಿಲೊ ಮೊದಲು ಶಾಲೆಗೇ ಬರಬೇಕಲ್ಲವೇ? ನಗಬೇಡಿ. ಆ ಒಲೆಯ ಮುಂದೆ ನಿಂತಾಗ ಈ ತರ್ಕಕ್ಕೆ ಎಲ್ಲೂ ತೂತು ಕಾಣಲಿಲ್ಲ.

ಮೊದಲನೆಯ ದಿನವೇ ನಾಲ್ಕನೆಯ ತರಗತಿಯ ಮಹಾದೇವಿ ತಾಟು ಹಿಡಿದುಕೊಂಡು ವಾಪಸು ಬಂದಳು. ಬಾಯಿ ಜೋರಿನ ಹುಡುಗಿ.

"ಆಯಿ, ಬ್ಯಾಳ್ಯಾಗ ಬ್ಯಾಳಿ ಎಲ್ಲದ? ನನ್ನ ಮಾರಿ ಕಾಣ್ಲಿಕತ್ತದ."

"ಕಂಡ್ರ ತೊಳ್ಕೊಂಡು ಬಾ ಹೋಗು ಮಾರಿ," ಎಂದೆ. ಎಲ್ಲರೂ ನಕ್ಕರು. ಎಂಟು ದಿನ ಆ ನೀರುಬೇಳೆಯನ್ನೇ ಬಡಿಸಿದೆ, ಎಂಟು ದಿನವೂ ಅವಳು ತಾಟಿನಲ್ಲಿ ಬಗ್ಗಿ ನೋಡಿ ಹಣೆಯ ಕೂದಲು ಸರಿಮಾಡಿಕೊಳ್ಳುತ್ತಿದ್ದಳು, ನನಗೆ ಕಾಣುವ ಹಾಗೆ.

ಎಂಟನೆಯ ದಿನ ತಪಾಸಣೆಯ ಸಾಹೇಬರು ಬಂದರು. ಮಕ್ಕಳು ಊಟಕ್ಕೆ ಸಾಲುಗಟ್ಟಿದ ಹೊತ್ತು. ಅವರು ತಮ್ಮದೇ ಕೊಕ್ಕೆಯ ತಕ್ಕಡಿ ತಂದಿದ್ದರು. ಬೇಳೆಯ ಚೀಲ ತೂಗಿಸಿದರು. ಇರಬೇಕಾದದ್ದಕ್ಕಿಂತ ಹತ್ತು ಕಿಲೊ ಹತ್ತಿರ ಹತ್ತಿರ ಹೆಚ್ಚು! ನೋಡಿ, ಕಮ್ಮಿ ಬಿದ್ದರೆ ಇಲಿಯ ಮೇಲೆ ಹಾಕಬಹುದು. ಹೆಚ್ಚು ಬಿದ್ದರೆ ಇಲಿ ತಂದಿಟ್ಟಿತೆನ್ನಲು ಬರುವುದಿಲ್ಲ.

"ಏನಮ್ಮಾ, ಹುಡುಗ್ರ ಬಾಯಾಗಿಂದು ಉಳಿಸಿ ಮನಿಗಿ ಒಯ್ಯಲಿಕ್ಕ ಇಟ್ಟೀರೇನು? ನಿಮ್ಮ ಚೀಲ ಎಲ್ಲದ? ತರ್ರಿ ಇಲ್ಲಿ."

ಸಾಲಿನ ಮಕ್ಕಳೆಲ್ಲ ನನ್ನ ಕಡೆ ತಿರುಗಿದರು. ಗೇಟಿನ ಬಳಿ ಇಬ್ಬರು ತಾಯಂದಿರು ನಿಂತಿದ್ದರು. ಹೆಡ್ ಮಾಸ್ತರರಿಗೆ ಪೆಟ್ಟಿಗೆ ಎಲ್ಲಿದೆಯೆಂದು ಗೊತ್ತು, ನಾನು ಅದರ ಬಟ್ಟಿನಲ್ಲಿ ತೂಗುವುದನ್ನೂ ಎರಡು ಸಲ ಕಂಡು, ಊಟ ನಿಲ್ಲದಿದ್ದರೆ ಸಾಕೆಂದು ಹೋಗಿದ್ದರು. ಆದರೆ ಅವರು ಕರೆಂಟಿಲ್ಲದ ಫ್ಯಾನನ್ನು ನೋಡುತ್ತ ನಿಂತಿದ್ದರು. ಮೊಳೆಗೆ ತೂಗುಹಾಕಿದ್ದ ಚೀಲವನ್ನು ನಾನೇ ತಂದೆ. ನಾನೇ ಬಿಚ್ಚಿ, ಎಲ್ಲರ ಮುಂದೆ ಬೋರಲು ಹಾಕಿದೆ. ಎಲೆ, ಅಡಿಕೆ, ಒಂದು ಕಾಲು ಮುರಿದ ಕನ್ನಡಕ. ಆಮೇಲೆ ಆ ಖಾಲಿ ಚೀಲದೊಳಗೆ ಕೆಂಪು ಬಟ್ಟು ಇಟ್ಟು ಸಾಹೇಬರ ಕೈಗೆ ಕೊಟ್ಟೆ.

"ಇದನ್ನ ನಿಮ್ಮ ಕೊಕ್ಕಿಗಿ ಹಾಕ್ರಿ ಸಾಹೇಬ್ರ. ನಾ ತೂಗಿದ್ದು ಇದರಾಗ."

ಮುಳ್ಳು ಆರುನೂರು ಗ್ರಾಮಿನ ಹತ್ತಿರ ನಿಂತಿತು. ಸಾಹೇಬರು ಬಟ್ಟನ್ನು ತಿರುಗಿಸಿ ತಳದ ಇಂಗ್ಲಿಷು ಓದಿದರು. "ಪಾಠಕ್ಕ ಮಾತ್ರ, ತೂಕಕ್ಕಲ್ಲ ಅಂತ ಬರದದ. ನೋಡಬೇಕಿಲ್ಲೇನು?"

"ಕನ್ನಡದಾಗ ಬರದಿದ್ರ ಓದ್ತಿದ್ದೆ ಸಾಹೇಬ್ರ. ಸಂಜೀತನಕ ಹಿಡೀತಿತ್ತು, ಆದ್ರ ಓದ್ತಿದ್ದೆ."

ಅವರು ಹೆಡ್ ಮಾಸ್ತರರ ಕಡೆ ತಿರುಗಿದರು. "ಕಿಟ್ ದಿನಾ ಬಳಸ್ಲಿಕತ್ತೀವಿ ಅಂತ ಬರದು ಕಳಿಸೀರಿ."

"ಬಳಸ್ಲಿಕತ್ತೀವ್ರಿ ಸರ್," ಎಂದರು ಹೆಡ್ ಮಾಸ್ತರರು, ಫ್ಯಾನಿಗೆ.

ಪೆಟ್ಟಿಗೆ ತರಿಸಿದರು. ಸೇಬಿನ ಪಟ, ಗಡಿಯಾರ, ಎಲುಬಿನ ಗೊಂಬೆ ಎಲ್ಲವೂ ಹೊಸ ಕವರಿನೊಳಗೆ ಬೆವರುತ್ತ ಕುಳಿತಿದ್ದವು. ಬಟ್ಟಿನ ಮೇಲೆ ಮಾತ್ರ ನನ್ನ ಅರಿಶಿನದ ಬೆರಳುಗಳು. ಸಾಹೇಬರು ನಕ್ಕುಬಿಟ್ಟರು. "ಖರೇ ಅದ ಬಿಡ್ರಿ, ಬಳಸ್ಯಾರ. ಇಡೀ ಸಾಲ್ಯಾಗ ಬಳಸಿದಾಕಿ ಈ ಆಯಿ ಒಬ್ಬಾಕೀನೇ!"

ಉಳಿದ ಬೇಳೆಯನ್ನು ಮಕ್ಕಳಿಗೇ ಹಾಕಿ ಮುಗಿಸಿ ಎಂದರು. ಅಲ್ಲಿಗೆ ಮುಗಿಯಬೇಕಿತ್ತು. ಹೋಗುವ ಮುಂಚೆ ಸಾಲಿನ ಕಡೆ ನೋಡಿ, "ಬ್ಯಾಳಿ ತೆಳ್ಳಗ ಆಗ್ಯದಂತ ಯಾರೂ ಹೇಳಲಿಲ್ಲೇನು?" ಎಂದು ಕೇಳಿದರು. ಮಹಾದೇವಿ ಕೈಯೆತ್ತಿದಳು. "ನಾ ಮೊದಲನೇ ದಿನಾನೇ ಹೇಳಿದ್ದೆರಿ. ಆಯಿ ಮಾರಿ ತೊಳಿ ಅಂದಳು."

ಚೀಲ ಬೋರಲು ಹಾಕಿದಾಗ ಇಳಿಯದ ತಲೆ ಆಗ ಇಳಿಯಿತು. ಸಾಹೇಬರಿಗೆ ನಾನು ಕಳ್ಳಿಯಲ್ಲವೆಂದು ಗೊತ್ತಾಯಿತು, ಊರಿಗೂ ಗೊತ್ತಾಯಿತು, ಸರಿ. ಆದರೆ ಎಂಟು ದಿನ ಮಕ್ಕಳು ನೀರು ಕುಡಿದದ್ದು ನಿಜ, ಬಡಿಸಿದವಳು ನಾನು. ಅಕ್ಷರ ಚೆನ್ನಾಗಿ ಬಲ್ಲವರು ಬರೆದದ್ದನ್ನು ಅಷ್ಟಾಗಿ ನಂಬುವುದಿಲ್ಲ. ಹೆಡ್ ಮಾಸ್ತರರನ್ನೇ ನೋಡಿ, ದಿನಾ ಬರೆಯುತ್ತಿದ್ದರು, ಒಂದು ದಿನವೂ ನಂಬಲಿಲ್ಲ. ಅರೆಬರೆ ಬಲ್ಲ ನನ್ನಂಥವರಿಗೆ ಮಾತ್ರ ಅಚ್ಚಾದ ಅಂಕಿ ಕಂಡರೆ ಕೈಕಾಲು ಆಡುವುದಿಲ್ಲ. ಪಾಠಕ್ಕೆ ಬೇರೆ ಕಿಲೊ, ಹೊಟ್ಟೆಗೆ ಬೇರೆ ಕಿಲೊ ಇರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಹೇಳಿದ್ದರಲ್ಲ! ನನ್ನ ಕೈ ಹೇಳಿತ್ತು, ಆ ಹುಡುಗಿ ಹೇಳಿದ್ದಳು. ಇಬ್ಬರಿಗೂ ಇಂಗ್ಲಿಷು ಬರುತ್ತಿರಲಿಲ್ಲ, ಅಷ್ಟೇ.

ಮರುದಿನ ಬೆಳಿಗ್ಗೆ ರೇಣುಕಾ ಟೀಚರ್ ತರಬೇತಿ ಮುಗಿಸಿ ಬಂದು ನನ್ನ ಕಪ್ಪು ಬಟ್ಟನ್ನು ವಾಪಸು ಕೊಟ್ಟಳು. ಅದನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಕೂರಿಸಿಕೊಂಡೆ, ಆಮೇಲೆ ತಕ್ಕಡಿಗಿಟ್ಟು ಬೇಳೆ ತೂಗಿದೆ, ತೂಗಿದ ಮೇಲೆ ಇನ್ನೆರಡು ಬೊಗಸೆ ಸುರಿದೆ. ಬೇಳೆ ಕುದಿದು ಗಟ್ಟಿಯಾದಾಗ ಮಹಾದೇವಿಯನ್ನು ತರಗತಿಯಿಂದ ಕರೆಸಿ, ಎಲ್ಲರಿಗಿಂತ ಮೊದಲು ಅವಳ ತಾಟಿಗೆ ಒಂದು ಸೌಟು ಹಾಕಿ, "ಹ್ಯಾಂಗದ ಹೇಳು," ಎಂದೆ. ಅವಳು ಬಗ್ಗಿ ನೋಡಿದಳು, ಮಾರಿ ಕಾಣಲಿಲ್ಲ. ಬೆರಳದ್ದಿ ನೆಕ್ಕಿದಳು.

"ಉಪ್ಪು ಕಮ್ಮಿ ಅದ."

ಉಪ್ಪು ಹಾಕಿದೆ.