ಅತ್ತೆಯ ಫೋನಿನ ಬಿಳಿ ಪುಟ

ನಾನು ಮಾಡಿಕೊಟ್ಟ ಪುಟದಲ್ಲಿ ಆನೆ ಎಲ್ಲಿದೆ ಎಂಬುದಷ್ಟೇ ಇರುತ್ತದೆ. ಹಾನುಬಾಳಿನ ಸುತ್ತಮುತ್ತ ರಾತ್ರಿ ಆನೆ ಕಂಡವರು, ಅಂದರೆ ಜೀಪಿನವರು, ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು, ಗದ್ದೆಗೆ ನೀರು ಕಟ್ಟಲು ಹೋದವರು, ಒಂದು ನಂಬರಿಗೆ ಸುದ್ದಿ ಮುಟ್ಟಿಸುತ್ತಾರೆ. ಊರಿನ ಬೆಳೆಗಾರರ ಗುಂಪಿನವರು ಅದನ್ನು ಪುಟಕ್ಕೆ ಸೇರಿಸುತ್ತಾರೆ. ಬೆಳಿಗ್ಗೆ ಮನೆಯಿಂದ ಹೊರಡುವ ಮುಂಚೆ ಯಾರು ಬೇಕಾದರೂ ಫೋನಿನಲ್ಲಿ ಅದನ್ನು ತೆರೆದು, ಯಾವ ದಾರಿಯಲ್ಲಿ ಹೋಗಬಾರದು ಎಂದು ತಿಳಿದುಕೊಳ್ಳಬಹುದು.

ವೆಬ್‌ಸೈಟ್ ಮಾಡುವುದು ನನ್ನ ಕಸುಬು. ಹಾಸನದಲ್ಲಿ ಓದು ಮುಗಿಸಿದ ಮೇಲೆ ಊರಿಗೇ ಬಂದೆ. ಮನೆಯ ಮೂಲೆಯ ಕೋಣೆಯಲ್ಲಿ ಕೂತು, ಬಟ್ಟೆ ಮಾರುವ ಕಂಪನಿಯೊಂದಕ್ಕೆ ಕೆಲಸ ಮಾಡುತ್ತೇನೆ. ಆನೆಯ ಪುಟ ಮಾತ್ರ ಬಿಟ್ಟಿ ಸೇವೆ. ಕೇಳಿದಾಗ ಇಲ್ಲ ಎನ್ನಲು ಬಾರದೆ ಒಪ್ಪಿಕೊಂಡದ್ದು.

ನಮ್ಮ ಕಸುಬಿನಲ್ಲಿ ಹಳೆಯ ಬ್ರೌಸರ್ ಎಂಬ ಹೆಸರು ಎತ್ತಿದರೆ ಸಾಕು, ಎಲ್ಲರ ಮುಖವೂ ಸಿಂಡರಿಸಿಕೊಳ್ಳುತ್ತದೆ. ನಾವು ಬರೆದದ್ದನ್ನು ಫೋನಿನಲ್ಲಿ ಪುಟವಾಗಿ ತೋರಿಸುವುದು ಬ್ರೌಸರ್. ವರ್ಷವರ್ಷವೂ ಬರೆಯುವ ರೀತಿ ಬದಲಾಗುತ್ತದೆ, ಹೊಸ ಬ್ರೌಸರುಗಳು ಅದನ್ನು ಕಲಿತುಕೊಳ್ಳುತ್ತವೆ, ಹಳೆಯವು ಕಲಿಯುವುದಿಲ್ಲ. ಅವುಗಳಿಗೂ ಕಾಣಬೇಕೆಂದರೆ ಪ್ರತಿಯೊಂದನ್ನೂ ಇನ್ನೊಂದು ಬಗೆಯಲ್ಲಿ ಬರೆಯಬೇಕು, ಮತ್ತೆ ಪರೀಕ್ಷಿಸಬೇಕು. ಅಷ್ಟಾದರೂ ಒತ್ತುವ ಗುಂಡಿ ಒಂದು ಕಡೆ, ಅಕ್ಷರ ಒಂದು ಕಡೆ ನಿಂತಿರುತ್ತದೆ. ಎಷ್ಟೋ ಸಂಜೆಗಳು ಇದರಲ್ಲೇ ಹಾಳಾಗಿವೆ. ಹಳೆಯದಕ್ಕೆ ಬಾಗಿಲು ಹಾಕೋಣ ಎಂದು ಕಂಪನಿಯ ಮೀಟಿಂಗಿನಲ್ಲಿ ಹೇಳುವವರ ಪೈಕಿ ನಾನೂ ಒಬ್ಬಳು. ಅದನ್ನು ಸಂಕೋಚವಿಲ್ಲದೆ ಹೇಳುತ್ತೇನೆ.

ನನ್ನ ಸೋದರತ್ತೆಯ ಫೋನು ಅಂಥ ಹಳೆಯ ಬ್ರೌಸರಿನ ಮನೆ. ಯಾರೋ ನೆಂಟರು ಬಳಸಿ ಬಿಟ್ಟದ್ದು. ಗಾಜು ಸೀಳಿ, ಸೀಳಿನೊಳಗೆ ಅರಿಸಿನ ಹೊಕ್ಕಿದೆ. ಅದನ್ನು ಅಪ್‌ಡೇಟ್ ಮಾಡಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಮೊದಲು ಜಾಗ ಇಲ್ಲ ಎಂದಿತು. ಕರುವಿನ ಫೋಟೋಗಳನ್ನು ಅತ್ತೆಯ ಎದುರಿಗೇ, ಒಂದೊಂದಕ್ಕೂ ಅಪ್ಪಣೆ ಪಡೆದು, ಅಳಿಸಿದೆ. ಆಮೇಲೆ, ಈ ಫೋನಿಗೆ ಇನ್ನು ಮುಂದೆ ಏನೂ ಬರುವುದಿಲ್ಲ ಎಂದಿತು. ಮೆಸೇಜು ಕಳಿಸುವ ಆ್ಯಪ್ ಆಗಲೇ ಕೈಕೊಟ್ಟಿತ್ತು. ಉಳಿದದ್ದು ಬ್ರೌಸರ್ ಒಂದೇ.

"ಬೇರೆ ಫೋನ್ ತಗೊಳ್ಳಿ ಅತ್ತೆ" ಎಂದೆ.

"ಯಾಕೆ? ಇದಕ್ಕೇನು ಬಂದೈತೆ ರೋಗ? ಕರೆದ್ರೆ ಓಗೊಡ್ತೈತೆ. ನಿನಗಿಂತ ವಾಸಿ."

ಅತ್ತೆಗೆ ಆ ಪುಟ ಬೇಕೇ ಬೇಕಿತ್ತು. ಬೆಳಕು ಹರಿಯುವ ಹೊತ್ತಿಗೆ ಅವರು ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಡುತ್ತಾರೆ. ಪಕ್ಕದ ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಇರುವ ಹೆಂಗಸೊಬ್ಬಳು ಮಗಳ ಮನೆಗೆ ತಿಂಡಿ ಕೊಟ್ಟು ಬರಲು ಅವರ ಜೊತೆಯಾಗುತ್ತಾಳೆ. ಇಬ್ಬರಿಗೂ ಎರಡು ದಾರಿ. ಟಾರು ರಸ್ತೆ ಸುತ್ತು. ಕಾಫಿ ತೋಟದೊಳಗೆ ಕೆರೆ ಏರಿಯ ಮೇಲೆ ಹೋದರೆ ಹತ್ತಿರ. ಆನೆ ಇದ್ದ ದಿನ ಟಾರು ರಸ್ತೆ, ಇಲ್ಲದ ದಿನ ಕೆರೆ ಏರಿ. ಯಾವುದು ಎಂದು ತೀರ್ಮಾನಿಸುತ್ತಿದ್ದದ್ದು ಆ ಸೀಳು ಬಿದ್ದ ಗಾಜು. ಅತ್ತೆ ಗೇಟಿನ ಹತ್ತಿರ ನಿಂತು ಗಟ್ಟಿಯಾಗಿ ಓದುವರು, ಅವಳು ಕೇಳುವಳು.

ಮೊದಲು ನಾನು ಮಾಡಿದ್ದು ತೀರ ಸಾದಾ ಪುಟ. ಆನೆ ಕಂಡ ಜಾಗಗಳ ಹೆಸರು ಒಂದರ ಕೆಳಗೊಂದು, ಅಷ್ಟೇ. ಸುದ್ದಿ ಇಲ್ಲದ ದಿನ ಪುಟ ಖಾಲಿ. ಅತ್ತೆಯ ಫೋನಿನಲ್ಲೂ ಅದು ನಿಧಾನವಾಗಿಯಾದರೂ ತೆರೆಯುತ್ತಿತ್ತು.

ಗುಂಪಿನ ಕಾರ್ಯದರ್ಶಿಗೆ ಅದು ಹಿಡಿಸಲಿಲ್ಲ. ಅವರದು ದೊಡ್ಡ ಎಸ್ಟೇಟು, ದೊಡ್ಡ ಫೋನು. "ಏನಮ್ಮ ಇದು, ರೇಷನ್ ಅಂಗಡಿ ಬೋರ್ಡ್ ಇದ್ದಂಗೈತೆ? ಮ್ಯಾಪ್ ಹಾಕು. ಆನೆ ಹೋದಂಗೆ ಚುಕ್ಕಿ ಹೋಗ್ಬೇಕು."

"ಹಳೇ ಫೋನುಗಳಲ್ಲಿ ಮ್ಯಾಪ್ ಬರಲ್ಲ ಸರ್."

"ಈ ಕಾಲ್ದಲ್ಲಿ ಹಳೇ ಫೋನ್ ಯಾರ ಹತ್ರ ಐತೆ ಮಾರಾಯ್ತಿ?"

ಅತ್ತೆಯ ಹೆಸರು ಹೇಳಿದೆ. ಅವರು ನಕ್ಕರು. ಸುತ್ತ ಕೂತವರೂ ನಕ್ಕರು. ನನಗೆ ನಗು ಬರಲಿಲ್ಲ, ಆದರೆ ವಾದಿಸುವ ಮನಸ್ಸೂ ಬರಲಿಲ್ಲ. ಕಂಪನಿಯಲ್ಲಿ ನಾನೇ ಆಡುತ್ತಿದ್ದ ಮಾತು ಅದು. ಮ್ಯಾಪ್ ಮಾಡಿದೆ. ಹಳೆಯ ಬ್ರೌಸರಿನಲ್ಲಿ ತೆರೆದರೆ 'ಈ ಫೋನಿನಲ್ಲಿ ಪುಟ ಕಾಣುವುದಿಲ್ಲ, ದಯವಿಟ್ಟು ಬೇರೆಯವರನ್ನು ಕೇಳಿ' ಎಂಬ ಸಾಲು ಬರುವಂತೆಯೂ ಬರೆದೆ. ಅದನ್ನು ಪರೀಕ್ಷಿಸಿ ನೋಡಲು ನನ್ನ ಬಳಿ ಅಂಥ ಫೋನು ಇರಲಿಲ್ಲ. ಅತ್ತೆ ನೆಂಟರ ಮನೆಗೆ ಹೋಗಿದ್ದರು, ಅವರ ಜೊತೆ ಫೋನೂ. ಕಾರ್ಯದರ್ಶಿಗೆ ತಡೆಯಲಾಗಲಿಲ್ಲ, ಹೊಸ ಪುಟ ಶುರುವಾಯಿತು.

ಕಾಫಿ ಹಣ್ಣು ಕುಯ್ಯುವ ಕಾಲ. ಅತ್ತೆ ಊರಿಗೆ ವಾಪಸಾದ ಮಾರನೆಯ ಬೆಳಿಗ್ಗೆ, ನಾನು ಹಲ್ಲುಜ್ಜುತ್ತಿದ್ದಾಗಲೇ, ಅಂಗಳದಿಂದ ಅವರ ಕೂಗು ಕೇಳಿತು.

"ಎಲ್ಲವಳೆ ಅವಳು? ಏನೇ ಮಗಾ, ನಿನ್ನ ಪೇಜು ನಮ್ಮಿಬ್ರನ್ನೂ ಇವತ್ತು ಮೇಲಕ್ಕೆ ಕಳಿಸ್ತಿತ್ತಲ್ಲೇ!"

ಹೊರಗೆ ಬಂದೆ. ಅತ್ತೆಯ ಕೈಯಲ್ಲಿ ಕ್ಯಾನು ಇರಲಿಲ್ಲ. ಲೈನಿನ ಹೆಂಗಸು ಬರಿಗಾಲಿನಲ್ಲಿದ್ದಳು, ಸೀರೆಯ ತುಂಬ ಉಣ್ಣಿಗಿಡದ ಮುಳ್ಳು.

"ಏನಾಯ್ತು ಅತ್ತೆ?"

"ಏನಾಯ್ತಾ? ಕೆರೆ ಏರಿ ಮೇಲೆ ನಿಂತೈತೆ, ಬಸ್ಸಿಗೆ ಕಾಯೋರ ಥರ, ಸುಮ್ನೆ. ನಾನು ಬಂಡೆ ಅಂದ್ಕೊಂಡೆ. ಬಂಡೆ ಕಿವಿ ಅಲ್ಲಾಡಿಸ್ತು ಕಣೇ!"

"ಅಕ್ಕ ಕ್ಯಾನು ಎಸ್ದುಬುಟ್ರು" ಎಂದಳು ಹೆಂಗಸು. "ಅದು ಉಳ್ಳಾಡ್ಕಂಡು ಆನೆ ಕಾಲ ಹತ್ರಕ್ಕೇ ಹೋಯ್ತು. ಅದು ಕ್ಯಾನು ನೋಡ್ಕಂಡು ನಿಂತ್ಕಂತು, ನಾವು ಓಡ್ಬುಟ್ವಿ."

"ದೇವ್ರು ದೊಡ್ಡೋನು" ಎಂದು ಅತ್ತೆ ಜಗಲಿಯ ಮೇಲೆ ಕುಸಿದರು. ಬಾಯಿ ಮಾತ್ರ ನಿಂತಿರಲಿಲ್ಲ.

ಕೆರೆ ಏರಿಯ ಆನೆಯ ಸುದ್ದಿ ಹಿಂದಿನ ರಾತ್ರಿಯೇ ಬಂದಿತ್ತು. ನನ್ನ ಫೋನಿನಲ್ಲಿ ಅದರ ಕೆಂಪು ಚುಕ್ಕಿ ಈಗಲೂ ಮಿನುಗುತ್ತಿತ್ತು.

"ನೀವು ಪೇಜ್ ನೋಡಲಿಲ್ವಾ?"

"ನೋಡ್ದೆ. ಬೆಳ್ಳಗಿತ್ತು. ಎಲ್ಲೂ ಇಲ್ಲ ಕಣೇ, ನಡಿ, ಅಂತ ಇವಳಿಗೂ ನಾನೇ ಹೇಳ್ದೆ."

"ಬೆಳ್ಳಗಿದ್ರೆ ಪೇಜ್ ಬಂದಿಲ್ಲ ಅಂತ ಅತ್ತೆ!"

"ಹಂಗಂತ ಯಾರು ಹೇಳಿದ್ರು? ಇಷ್ಟು ದಿನ ಬೆಳ್ಳಗಿದ್ದಾಗೆಲ್ಲ ಕೆರೆ ಏರಿ ಮೇಲೇ ಹೋಗಿ ಬಂದಿಲ್ವಾ ನಾವು?"

ಅತ್ತೆಯ ಫೋನು ಇಸಿದುಕೊಂಡು ತೆರೆದೆ. ಬಿಳಿ. ನಾನು ಬರೆದಿದ್ದ ಸಾಲೂ ಇಲ್ಲ. ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಳೆಯ ಬ್ರೌಸರಿಗೆ ಹೊಸ ರೀತಿಯ ಒಂದು ಚಿಹ್ನೆ ಅರ್ಥವಾಗದಿದ್ದರೆ ಅದು ಉಳಿದದ್ದನ್ನೂ ಓದದೆ ಸುಮ್ಮನಾಗುತ್ತದೆ. ಆ ಎಚ್ಚರಿಕೆಯ ಸಾಲು ಇದ್ದದ್ದು ಅದು ಓದದೆ ಬಿಟ್ಟ ಭಾಗದಲ್ಲೇ. ನನಗೆ ಯಾರ ಮೇಲೆ ಸಿಟ್ಟು ಬಂತೆಂದು ಹೇಳುವುದು ಕಷ್ಟ. ಆ ಫೋನಿನ ಮೇಲೆ, ಅದನ್ನು ಬಿಡದ ಅತ್ತೆಯ ಮೇಲೆ, ಓಡಾಡುವ ಚುಕ್ಕಿಯ ಮೇಲೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳದೆ ಬೆಳ್ಳಗೆ ಕೂರುವ ಬ್ರೌಸರಿನ ಮೇಲೆ. ಎಲ್ಲರ ಮೇಲೂ ಬಂತು.

ಕಾರ್ಯದರ್ಶಿಗೆ ಫೋನ್ ಮಾಡಿದೆ.

"ಅಯ್ಯೋ, ಏನೂ ಆಗ್ಲಿಲ್ವಲ್ಲ? ಸದ್ಯ. ಅವರಿಗೊಂದು ಹೊಸ ಫೋನ್ ಕೊಡ್ಸಮ್ಮ. ಒಬ್ರಿಗೋಸ್ಕರ ಮ್ಯಾಪ್ ತೆಗೀಬೇಡ. ಮೊನ್ನೆ ನಮ್ಮಳಿಯನಿಗೆ ತೋರಿಸ್ದೆ, ಭಾರಿ ಖುಷಿಯಾದ."

ಅಳಿಯ ಇರುವುದು ಮೈಸೂರಿನಲ್ಲಿ. ಅಲ್ಲಿ ಅವರು ಯಾವ ಕೆರೆ ಏರಿ ದಾಟುತ್ತಾರೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. "ಮ್ಯಾಪ್ ತೆಗೀತಿದ್ದೀನಿ ಸರ್" ಎಂದು ಹೇಳಿ ಫೋನಿಟ್ಟೆ. ಅಂದು ಕಂಪನಿಗೆ ರಜೆ ಹಾಕಿ, ಅತ್ತೆಯ ಫೋನನ್ನು ಮೇಜಿನ ಮೇಲೆ ಒರಗಿಸಿಟ್ಟುಕೊಂಡು ಕೂತೆ.

ಪುಟ ಮತ್ತೆ ಸಾದಾ ಆಯಿತು. ಬರೀ ಅಕ್ಷರ. ಎಷ್ಟು ಹಳೆಯ ಬ್ರೌಸರಾದರೂ ಅಕ್ಷರ ತೋರಿಸಲು ತಕರಾರು ಮಾಡುವುದಿಲ್ಲ. ಮ್ಯಾಪ್ ಬೇಕಾದವರು ಒತ್ತಲಿ ಎಂದು ಅದನ್ನು ಕೊನೆಯಲ್ಲಿ ಬೇರೆ ಪುಟವಾಗಿ ಇಟ್ಟೆ. ಸುದ್ದಿ ಇಲ್ಲದ ದಿನವೂ ಪುಟ ಇನ್ನು ಖಾಲಿ ಇರುವುದಿಲ್ಲ. 'ಇವತ್ತು ಇಲ್ಲಿಯವರೆಗೆ ಯಾವ ಸುದ್ದಿಯೂ ಬಂದಿಲ್ಲ' ಎಂದು, ತಾರೀಖಿನೊಂದಿಗೆ, ಬರೆದಿರುತ್ತದೆ. ಅತ್ತೆಗೂ ಆ ಹೆಂಗಸಿಗೂ ಒಂದೇ ಮಾತು ಹೇಳಿಕೊಟ್ಟೆ: ಅಕ್ಷರ ಕಾಣದಿದ್ದರೆ ಟಾರು ರಸ್ತೆ.

ಹಾಗೆಂದು ಹಳೆಯ ಬ್ರೌಸರುಗಳನ್ನು ಕೊನೆಯವರೆಗೂ ಸಾಕಬೇಕು ಎಂದು ನಾನು ಈಗಲೂ ಒಪ್ಪುವುದಿಲ್ಲ. ನಮ್ಮ ಕಂಪನಿಯ ಪುಟ ಅತ್ತೆಯ ಫೋನಿನಲ್ಲಿ ತೆರೆಯದಿದ್ದರೆ ಅತ್ತೆ ಒಂದು ಸೀರೆ ಕಡಿಮೆ ಕೊಳ್ಳುತ್ತಾರೆ, ಅದರಿಂದ ಅವರಿಗೆ ಲಾಭವೇ. ಆದರೆ ಯಾರೋ ಒಬ್ಬರು ಒಂದು ಪುಟ ನೋಡಿ ಮನೆಯಿಂದ ಹೊರಗೆ ಕಾಲಿಡುತ್ತಾರೆ ಎಂದಾದರೆ, ಅದು ಅವರ ಕೈಯಲ್ಲಿರುವ ಫೋನಿನಲ್ಲಿ ತೆರೆಯಬೇಕು. ಅವರ ಕೈಯಲ್ಲಿರಬೇಕು ಎಂದು ನಾವು ಬಯಸುವ ಫೋನಿನಲ್ಲಿ ಅಲ್ಲ. ಕಂಪನಿಯ ಮೀಟಿಂಗಿನಲ್ಲಿ ಇದನ್ನು ಹೇಳಿದೆ. ನೀವು ಹೇಳುತ್ತಿರುವುದು ತೀರ ಅಪರೂಪದ ಸಂದರ್ಭ ಎಂದರು. ಇರಬಹುದು. ಅಪರೂಪದ ಸಂದರ್ಭ ಆ ದಿನ ನಮ್ಮ ಜಗಲಿಯ ಮೇಲೆ ನೀರು ಕುಡಿಯುತ್ತ ಕೂತಿತ್ತು.

ಕೊನೆಗೆ, ಈ ತಲೆನೋವೇ ಬೇಡ ಎಂದು, ಸಕಲೇಶಪುರಕ್ಕೆ ಹೋಗಿ ಅತ್ತೆಗೆ ಹೊಸ ಫೋನು ತಂದುಕೊಟ್ಟೆ. ಗೊಣಗುತ್ತಲೇ ತೆಗೆದುಕೊಂಡರು. ಆ ರಾತ್ರಿ ನನಗೆ ನೆಮ್ಮದಿಯ ನಿದ್ದೆ. ಹಳೆಯ ಬ್ರೌಸರ್ ಊರು ಬಿಟ್ಟಿತು ಎಂದುಕೊಂಡೆ.

ವಾರ ಕಳೆದು ಅತ್ತೆಯ ಮನೆಗೆ ಹೋದಾಗ, "ಹಳೇ ಫೋನ್ ಎಲ್ಲಿ?" ಎಂದು ಕೇಳಿದೆ.

"ಲೈನಿನವಳಿಗೆ ಕೊಟ್ಬುಟ್ಟೆ. ಸಿಮ್ಮೂ ಹಾಕ್ಸಿ ಕೊಟ್ಟೆ. ಚೆನ್ನಾಗಿರೋ ಫೋನು, ಎಸೆಯೋಕಾಗ್ತದಾ?"

"ಅತ್ತೆ!"

"ಯಾಕೇ ಹಂಗೆ ಕಿರುಚ್ತೀಯ? ನಾನು ಡೈರಿಗೆ ಹೋಗದ ದಿನ ಅವಳು ಒಬ್ಳೇ ಹೋಗ್ತಾಳಲ್ಲ. ಅವಳು ಏನ್ ನೋಡ್ಕಂಡು ಹೋಗ್ಬೇಕು, ನನ್ನ ಮುಖನಾ?"

ಅಷ್ಟರಲ್ಲಿ ಕಾರ್ಯದರ್ಶಿಗೂ ಹೊಸ ಫೋನಿನ ಸುದ್ದಿ ಮುಟ್ಟಿತ್ತು. "ನಿಮ್ಮತ್ತೆದು ಸರಿಹೋಯ್ತಂತಲ್ಲ, ಮ್ಯಾಪ್ ಮುಂದಕ್ಕೆ ಹಾಕು ಇನ್ನ" ಎಂದು ಫೋನ್ ಮಾಡಿದರು. ಆಗುವುದಿಲ್ಲ ಎಂದೆ. ಕಾರಣ ವಿವರಿಸುವ ತಾಳ್ಮೆ ಉಳಿದಿರಲಿಲ್ಲ.

ಈಗ ಪುಟದಲ್ಲಿ ಒಂದು ಸಾಲು ಬದಲಾಯಿಸಿದರೂ, ಆ ಹಳೆಯ ಫೋನಿನಲ್ಲಿ ಅದು ಕಾಣುತ್ತದೆಯೇ ಎಂದು ನೋಡಲು ನಾನು ಲೈನಿನವರೆಗೆ ನಡೆದು ಹೋಗಬೇಕು. ಮೊನ್ನೆಯೂ ಹೋಗಿದ್ದೆ. ಹೆಂಗಸು ಕೈ ಒರೆಸಿಕೊಂಡು, ರವಿಕೆಯೊಳಗಿಂದ ಫೋನು ತೆಗೆದು, ಸೆರಗಿನಿಂದ ಗಾಜು ತಿಕ್ಕಿ ಪುಟ ತೆರೆದಳು. ಬಿಳಿ. ಇಬ್ಬರೂ ಕಾದೆವು. ಇನ್ನೂ ಬಿಳಿ.

"ಅಕ್ಷರ ಇಲ್ದಿದ್ರೆ ಟಾರ್ ರೋಡು" ಎಂದಳು, ಪಾಠ ಒಪ್ಪಿಸುವವಳಂತೆ.

ಆಮೇಲೆ ಮೇಲಿನಿಂದ ಒಂದೊಂದೇ ಸಾಲಾಗಿ ಅಕ್ಷರ ಇಳಿದು ಬಂತು.

"ಇದು ಇನ್ನೆಷ್ಟು ದಿನ ನಡೆಯುತ್ತೋ" ಎಂದು ನನಗೆ ನಾನೇ ಹೇಳಿಕೊಂಡೆ.

"ಯೋಚ್ನೆ ಮಾಡ್ಬೇಡಿ ಅಮ್ಮಣ್ಣಿ" ಎಂದಳು ಅವಳು, ಸಮಾಧಾನ ಮಾಡುವ ದನಿಯಲ್ಲಿ. "ಬ್ಯಾಟ್ರಿ ಇನ್ನೂ ಭಾರಿ ಗಟ್ಟಿಯಾಗೈತೆ."