ಟ್ರಿಪ್ಪಿನ ಮಾತ್ರೆ

ನಮ್ಮ ಮನೆಯಲ್ಲಿ ಟ್ರಿಪ್ಪಿನ ಮಾತೆತ್ತಿದರೆ ವ್ಯಾನು, ಡ್ರೈವರು, ಬುತ್ತಿ ಇವೆಲ್ಲ ಆಮೇಲಿನ ವಿಚಾರ. ಮೊದಲು ನನ್ನ ಯಜಮಾನರ ಅಕ್ಕ ಕಣಕಟ್ಟೆಯಿಂದ ಬಸ್ಸಿನಲ್ಲಿ ಬಂದಿಳಿಯಬೇಕು. ಎಲ್ಲರ ಬಾಯಲ್ಲೂ ಆಕೆ ದೊಡ್ಡಕ್ಕ. ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಕಾಫಿ ಆರಿಸಿಕೊಳ್ಳುತ್ತ, ಒಬ್ಬೊಬ್ಬ ಹೆಂಗಸನ್ನೂ ವಿಚಾರಿಸುತ್ತಿದ್ದರು. "ನಿಂದು ಯಾವಾಗ ಕಣೇ? ಹಿಂದೆ ಮುಂದೆ ಆಯ್ತದಾ?" ಹಜಾರದಲ್ಲಿ ಗಂಡಸರು ಪೇಪರಿನಲ್ಲಿ ಮುಖ ಹುದುಗಿಸಿ ಕೂತಿರುತ್ತಿದ್ದರು. ಯಾರ ದಿನ ಟ್ರಿಪ್ಪಿಗೆ ಅಡ್ಡ ಬರುತ್ತದೋ ಅವರಿಗೆ ಮೆಡಿಕಲ್ ಶಾಪಿನಿಂದ ಮುಟ್ಟು ಮುಂದೂಡುವ ಮಾತ್ರೆ ಬರುತ್ತಿತ್ತು. ಅದನ್ನು ತರಲು ಮಾತ್ರ ಅದೇ ಗಂಡಸರು ಚಪ್ಪಲಿ ಮೆಟ್ಟಿಕೊಂಡು ಸರಸರ ಹೋಗುತ್ತಿದ್ದರು.

ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ. ಯಾಕೆಂದರೆ ನಮ್ಮದು ಲಿಂಗ ಕಟ್ಟಿದ ಮನೆ. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ, ಮಠಕ್ಕೆ ನಡೆದುಕೊಳ್ಳುವ ಜನ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಮುಟ್ಟಾದೆನೆಂದು ತವರಿನ ಅಭ್ಯಾಸದಂತೆ ಹಿತ್ತಿಲ ಬಾಗಿಲಲ್ಲೇ ನಿಂತುಬಿಟ್ಟಿದ್ದೆ. ಮಾವನವರೇ ಎದ್ದು ಬಂದು, "ಕೊರಳಲ್ಲಿ ಲಿಂಗ ಐತಲ್ಲವ್ವ, ನಮಗೆ ಆ ಸೂತಕ ಇಲ್ಲ, ಒಳೀಕೆ ಬಾ" ಎಂದಿದ್ದರು. ಅಂದಿನಿಂದ ಆ ದಿನಗಳಲ್ಲೂ ನಾನು ಅಡುಗೆ ಮಾಡಿದೆ, ಪೂಜೆ ಮಾಡಿದೆ, ನಾನು ಬಡಿಸಿದ್ದನ್ನು ದೊಡ್ಡಕ್ಕನೂ ಉಂಡರು. ಆದರೆ ಟ್ರಿಪ್ಪು ಎಂದ ಕೂಡಲೇ ಆ ಮಾತು ಹಾರಿಹೋಗುತ್ತಿತ್ತು. "ನಮ್ಮನೇಲಿ ನಮ್ಮ ಪದ್ಧತಿ. ಅದು ಬ್ಯಾರೆ ದೇವ್ರು, ಏನಾರ ಹೆಚ್ಚುಕಮ್ಮಿ ಆದ್ರೆ?" ಎನ್ನುತ್ತಿದ್ದರು ದೊಡ್ಡಕ್ಕ. ಸರಿ ಎಂದು ಎಲ್ಲರೂ ನುಂಗುತ್ತಿದ್ದೆವು. ಆಮೇಲೆ ತಲೆನೋವು, ಓಕರಿಕೆ, ಮನೆಗೆ ಬಂದ ಮೇಲೆ ಹಿಂಡಿ ಹಾಕುವ ಹೊಟ್ಟೆನೋವು. ಅದು ನಮ್ಮ ಪಾಲಿನ ಪ್ರಸಾದ.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಮೈದುನ ಮಸ್ಕತ್ತಿನ ಕೆಲಸ ಬಿಟ್ಟು ಊರಿಗೆ ಬಂದ. ಜೊತೆಗೆ ಅಲ್ಲಿ ನರ್ಸಾಗಿದ್ದ ಹೆಂಡತಿ. ಫಿಲಿಪೀನ್ಸ್ ದೇಶದವಳು. ಲಿಂಗ ಕಟ್ಟಿಸದೆ ಮನೆ ತುಂಬಿಸಿಕೊಳ್ಳುವುದಿಲ್ಲವೆಂದು ಹಟ ಹಿಡಿದವರು ದೊಡ್ಡಕ್ಕನೇ. ಹುಡುಗಿ ಬೇಸರಿಸದೆ ಮಠಕ್ಕೆ ಹೋಗಿ ಕಟ್ಟಿಸಿಕೊಂಡಳು. ನನ್ನ ಒಲೆಯ ಪಕ್ಕದಲ್ಲೇ ನಿಂತು ಕನ್ನಡ ಕಲಿತಳು. ಒಂದು ದಿನ ಕರ್ನಾಟಕದ ಮ್ಯಾಪನ್ನು ತಂದು ಅನ್ನದ ಅಗುಳಿನಿಂದ ಪಾತ್ರೆ ಬೀರುವಿಗೆ ಅಂಟಿಸಿದಳು.

"ಇಷ್ಟು ದೊಡ್ಡ ದೇಶಕ್ಕೆ ಸೊಸೆ ಆಗಿ ಬಂದಿದ್ದೀನಿ. ಏನು ನೋಡಿದೆ ಅಂತ ಅಮ್ಮ ಕೇಳಿದ್ರೆ ಅರಸೀಕೆರೆ ಸ್ಟೇಷನ್ ಅಂತ ಹೇಳ್ಲಾ ಅಕ್ಕ?"

ಸ್ಟೇಷನ್ ಚೆನ್ನಾಗಿಯೇ ಇದೆಯಲ್ಲ ಎಂದೆ. ನಕ್ಕಳು. ರೊಟ್ಟಿ ತಟ್ಟುತ್ತಲೇ ನಾವಿಬ್ಬರೂ ದಾರಿ ಹಾಕಿದೆವು. ಜಾವಗಲ್ ಮೇಲೆ ಹಳೇಬೀಡು, ಅಲ್ಲಿಂದ ಬೇಲೂರು, ರಾತ್ರಿ ಅಲ್ಲೇ ತಂಗಿ ಮಾರನೆಯ ದಿನ ಶ್ರವಣಬೆಳಗೊಳ, ಮೈಸೂರು. ಇದು ಸುಸೂತ್ರವಾದರೆ ಇನ್ನೊಂದು ವರ್ಷ ಹಂಪಿ, ಬಾದಾಮಿ. ಹಿಟ್ಟಿನ ಬೆರಳು ತಾಗಿ ತಾಗಿ ಮ್ಯಾಪಿನಲ್ಲಿ ಮೈಸೂರು ಬೆಳ್ಳಗಾಗಿತ್ತು.

ದೊಡ್ಡಕ್ಕ ಬಂದರು. ಮಾತ್ರೆಯೂ ಬಂತು. ನನ್ನ ವಾರಗಿತ್ತಿ ಅದನ್ನು ತಿರುಗಿಸಿ ನೋಡಿ ವಾಪಸ್ಸು ಕೊಟ್ಟಳು. "ನಾನು ತಗೊಳ್ಳಲ್ಲ ದೊಡ್ಡಕ್ಕ. ಕಾಯಿಲೆಗೆ ಮಾತ್ರೆ. ಮುಟ್ಟು ಕಾಯಿಲೆ ಅಲ್ಲ."

"ನರ್ಸಮ್ಮಂಗೇ ಮಾತ್ರೆ ಕಂಡ್ರೆ ಭಯ ನೋಡ್ರವ್ವ" ಎಂದು ದೊಡ್ಡಕ್ಕ ನಗಾಡಿದರು. ಹೇಗೂ ಅವಳದು ಬರುವ ಹೊತ್ತಿಗೆ ವಾಪಸ್ಸಾಗಿರುತ್ತೇವೆಂದು ಬಿಟ್ಟರು. ನನ್ನ ಪಾಲಿನದನ್ನು ನಾನು ನುಂಗಿದೆ.

ಹೊರಟ ದಿನ ಜಾವಗಲ್ ದಾಟುತ್ತಿದ್ದಂತೆ ವಾರಗಿತ್ತಿ ನನ್ನ ಕಿವಿಯಲ್ಲಿ, "ಅಕ್ಕ, ಬೇಗ ಬಂದುಬಿಡ್ತು. ಎಲ್ಲಾದ್ರೂ ನಿಲ್ಲಿಸಿ" ಎಂದಳು. ಹಿಂದಿನ ಸೀಟಿನಲ್ಲಿದ್ದ ದೊಡ್ಡಕ್ಕನಿಗೆ ಅಷ್ಟು ಸಾಕಾಯಿತು. ಹಳೇಬೀಡು ಬರುವವರೆಗೂ ಅವರ ಗೊಣಗಾಟ ನಿಲ್ಲಲಿಲ್ಲ. ದೇವಸ್ಥಾನದ ಮುಂದೆ ವ್ಯಾನು ನಿಂತಾಗ ಅವಳ ಭುಜದ ಮೇಲೆ ಕೈಯಿಟ್ಟು, "ನೀನು ಇಲ್ಲೇ ಕುಂತಿರವ್ವ. ಡ್ರೈವರ್ ಇರ್ತಾನೆ. ನಾವು ಹೋಗಿ ಬತ್ತೀವಿ" ಎಂದರು. ಬೇಲೂರಿನಲ್ಲೂ ಹೀಗೆ, ಬೆಳಗೊಳದಲ್ಲೂ ಹೀಗೆ ಎಂದು ಬೇರೆ ಕೇಳದೆಯೇ ಗೊತ್ತಾಯಿತು. ಯಾರಿಗಾಗಿ ಈ ಟ್ರಿಪ್ಪೋ ಅವಳು ತಗಡಿನ ಡಬ್ಬಿಯೊಳಗೆ ಬೇಯುತ್ತ ಕೂರಬೇಕು.

ಅವಳು ಅಳಲಿಲ್ಲ. ಆಸ್ಪತ್ರೆಯ ನಿಯಮ ಕೇಳಿ ತಿಳಿದುಕೊಳ್ಳುವವಳ ಹಾಗೆ, "ಗುಡಿ ಮುಂದಿನ ಹುಲ್ಲಿನ ಮೇಲೆ ಬರಬಹುದಾ?" ಎಂದು ಕೇಳಿದಳು.

ದೊಡ್ಡಕ್ಕ ಯೋಚಿಸಿದರು. "ಹುಲ್ಲಿನ ತಂಕ ಬಾ."

"ಕೆತ್ತನೆ ಎಲ್ಲ ಗೋಡೆಯ ಹೊರಗೇ ಇದೆಯಂತಲ್ಲ. ಅದನ್ನ ನೋಡಬಹುದಾ?"

"ಅದ್ಕೆ ಜಗುಲಿ ಹತ್ತಬೇಕಲ್ಲವ್ವ. ಹತ್ತಂಗಿಲ್ಲ. ದೂರದಿಂದ ನೋಡು, ಕಾಣ್ತದೆ."

ಗುಡಿಯ ಸುತ್ತ ಕಟ್ಟಿರುವ ಕಲ್ಲಿನ ಜಗತಿ ಅದು. ಅದರ ಮೇಲೆ ನಡೆದೇ ಗೋಡೆಯನ್ನು ನೋಡಬೇಕು. ದೂರದಿಂದ ಕಾಣುವುದು ಕಪ್ಪು ಕಲ್ಲು, ಅಷ್ಟೇ.

"ಹಾಗಾದ್ರೆ ಗೆರೆ ಎಲ್ಲಿದೆ ತೋರಿಸಿ ದೊಡ್ಡಕ್ಕ, ಅಲ್ಲೇ ನಿಲ್ತೀನಿ" ಎಂದಳು. ಅದರಲ್ಲಿ ಕುಹಕ ಒಂದಿಷ್ಟೂ ಇರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. ಸುತ್ತ ನೋಡಿದೆ. ನನ್ನ ಯಜಮಾನರು ಟಿಕೆಟ್ಟೇ ಇಲ್ಲದ ಕಡೆ ಟಿಕೆಟ್ ಕೌಂಟರ್ ಹುಡುಕುತ್ತಿದ್ದರು. ಮೈದುನ ಬಗ್ಗಿ ಶೂ ಲೇಸು ಬಿಚ್ಚುತ್ತಿದ್ದ.

"ದೊಡ್ಡಕ್ಕ, ಅವಳಿಗೆ ಲಿಂಗ ಕಟ್ಟಿಸಿದ್ದು ಯಾರು?" ಎಂದೆ.

"ಕಟ್ಟಿಸಿದ್ರೆ? ಅದು ಮನೆ ಒಳಗಿಂದು ಕಣೇ."

"ಲಿಂಗ ಕೊರಳಲ್ಲಿದೆ, ಮನೆಯಲ್ಲಿಲ್ಲ. ಸೂತಕ ಇಲ್ಲ ಅಂತ ನನಗೆ ಹೇಳಿದ್ದು ನಿಮ್ಮಪ್ಪ. ಅವರು ಸುಳ್ಳು ಹೇಳಿದ್ರು ಅನ್ನಿ, ನಾನೇ ಇವಳನ್ನ ವ್ಯಾನಲ್ಲಿ ಕೂರಿಸ್ತೀನಿ."

ಅಷ್ಟು ವರ್ಷ ನುಂಗಿದ್ದ ಮಾತ್ರೆಗಳೆಲ್ಲ ಗಂಟಲಿಗೆ ಬಂದ ಹಾಗೆ ನನಗೆ ಕಹಿಯಾಗಿತ್ತು. ಅವಳ ಕೈ ಹಿಡಿದುಕೊಂಡು ಹುಲ್ಲು ದಾಟಿ ಜಗತಿ ಹತ್ತಿದೆ. ಕಲ್ಲು ಕಾದಿತ್ತು. ಇಬ್ಬರೂ ಅಂಗಾಲು ಎತ್ತಿ ಎತ್ತಿ ಇಡುತ್ತ ಒಂದು ಮೂಲೆಯನ್ನೂ ಬಿಡದೆ ಸುತ್ತಿದೆವು. ಆನೆಯ ಸಾಲು, ಕುದುರೆಯ ಸಾಲು, ಅವುಗಳ ಮೇಲೆ ಮೃದಂಗ ಬಡಿಯುವ, ಕುಣಿಯುವ ಹೆಂಗಸರು. ಇವರಲ್ಲಿ ಯಾರಿಗೆ ಯಾವ ದಿನವೆಂದು ಲೆಕ್ಕ ಹಾಕಿ ನಿಲ್ಲಿಸಿದ್ದಾರೆಯೇ ಎಂದು ಕೂಗಿ ಕೇಳಬೇಕೆನಿಸಿತು. ಅವಳಿಗೆ ನನ್ನ ಸಿಟ್ಟು ಬೇಕಿರಲಿಲ್ಲ. ಒಂದು ಹೆಂಗಸಿನ ಕೊರಳ ಸರದ ಮುಂದೆ ನಿಂತು, "ಮಣಿ ಮಧ್ಯೆ ತೂತು ಕೂಡ ಮಾಡಿದ್ದಾರೆ ನೋಡಕ್ಕ" ಎಂದಳು.

ಇಳಿದು ಬಂದಾಗ ತೀರ್ಮಾನ ಆಗಿಹೋಗಿತ್ತು. ನಾವಿಬ್ಬರು ಬೇಲೂರಿಗೆ ಬಂದರೆ ದೊಡ್ಡಕ್ಕ ಬರುವುದಿಲ್ಲ.

"ಅತ್ತಿಗೆ, ನೀವಾದ್ರೂ ಸ್ವಲ್ಪ ಹೊಂದ್ಕೊಂಡು ಹೋಗ್ಬೇಕಿತ್ತು" ಎಂದ ಮೈದುನ.

"ನಿನ್ನ ಹೆಂಡತೀನ ವ್ಯಾನಲ್ಲಿ ಕೂರು ಅಂದಾಗ ನೀನು ಲೇಸ್ ಬಿಚ್ತಾ ಇದ್ದೆ. ಎಷ್ಟೊತ್ತು ಬೇಕಪ್ಪ ಒಂದು ಲೇಸ್ ಬಿಚ್ಚೋಕೆ?"

ನಮ್ಮ ಪಾಲಿನ ಚಪಾತಿ, ಚಟ್ನಿಪುಡಿ, ನೀರಿನ ಕ್ಯಾನು ಇಳಿಸಿಕೊಂಡೆ. ವ್ಯಾನು ನಮ್ಮಿಬ್ಬರನ್ನು ಬಿಟ್ಟು ಹೊರಟಿತು. ಅವನು ಹಿಂದಿನ ಗಾಜಿನಿಂದ ನೋಡುತ್ತಲೇ ಇದ್ದ, ಇಳಿಯಲಿಲ್ಲ.

ನಾವು ಬಸ್ತಿಹಳ್ಳಿಯ ಬಸದಿಗಳವರೆಗೆ ನಡೆದೆವು. ನುಣುಪಾದ ಕಂಬದಲ್ಲಿ ಅವಳು ತನ್ನ ಮುಖ ನೋಡಿಕೊಂಡಳು, ನನ್ನದನ್ನೂ ತೋರಿಸಿದಳು. ಊಟ ಮಾಡಿ ಬೇಲೂರಿನ ಬಸ್ಸು ಹತ್ತಿದಾಗ ಸೀಟಿರಲಿಲ್ಲ. ನಿಂತೇ ಹೋದೆವು.

ಬೇಲೂರಿನಲ್ಲಿ ನಮ್ಮವರೆಲ್ಲ ದರ್ಶನ ಮುಗಿಸಿ ಅಂಗಳದ ನೆರಳಲ್ಲಿ ಕೂತಿದ್ದರು. ನಮ್ಮನ್ನು ಕಂಡು ದೊಡ್ಡಕ್ಕ ಗೋಡೆಯ ಕಡೆ ತಿರುಗಿದರು. ವಾರಗಿತ್ತಿ ಅವರ ಮುಂದೆಯೇ ಹಾದು ಮೆಟ್ಟಿಲು ಹತ್ತಿ ಒಳಗೆ ಹೋದಳು. ಒಳಗಿನ ಕಂಬಗಳ ಕತ್ತಲೆಯಲ್ಲಿ ಬಹಳ ಹೊತ್ತು ನಿಂತಳು, ನಾನೂ ನಿಂತೆ.

ಹೊರಗೆ ಬಂದಾಗ ಅವಳ ಗಂಡ ಮೆಟ್ಟಿಲ ಬಳಿ ಕಾಯುತ್ತಿದ್ದ. "ಒಳಗೆ ಕತ್ತಲೆ ಕಣೇ, ಏನೂ ಕಂಡಿರಲ್ಲ. ವ್ಯಾನಲ್ಲಿ ಟಾರ್ಚ್ ಇದೆ, ತರ್ತೀನಿ, ಬಾ, ನಾನು ತೋರಿಸ್ತೀನಿ" ಎಂದ.

"ಬೇಡ" ಎಂದಳು. "ನೋಡಿ ಆಯ್ತು."