ಅಕ್ಕನ ಉತ್ತರ, ತಮ್ಮನ ವಸಡು

ದಂತವೈದ್ಯರ ನಡುವೆ ವಸಡಿನ ವೈದ್ಯರಿಗೆ ಮೊದಲಿನಿಂದಲೂ ಹಿಂದಿನ ಸಾಲೇ. ಅವರಲ್ಲೂ ಅಂಗವೈಕಲ್ಯವಿರುವ ವಯಸ್ಕರ ಸೇವೆಯನ್ನೇ ಆರಿಸಿಕೊಂಡು ಮೂವತ್ತೆರಡು ವರ್ಷ ದುಡಿದವರು ಬೆರಳೆಣಿಕೆಯಷ್ಟು. ಈ ತಿಂಗಳು ನಿವೃತ್ತರಾಗುತ್ತಿರುವ, ಎಲ್ಲರ ಬಾಯಲ್ಲೂ ‘ವಸಡಿನ ಡಾಕ್ಟರಮ್ಮ’ ಆಗಿರುವ ಹಿರಿಯರು ಅಂಥವರಲ್ಲೊಬ್ಬರು.

ಮೊದಲಿಗೆ ಅವರಿಗೆ ಸಿಕ್ಕಿದ್ದು ಗಾಲಿಕುರ್ಚಿ ಒಳಬಂದರೆ ಬಾಗಿಲು ಮುಚ್ಚಲಾಗದಷ್ಟು ಇಕ್ಕಟ್ಟಾದ ಕೋಣೆ. ಅಲ್ಲಿ ಕುಳಿತು, ರೋಗಿಯ ಬದುಕು ಎಷ್ಟು ಹಸನಾಗಿದೆಯೆಂದು ತಿಳಿಯಲು ಹನ್ನೆರಡು ಪ್ರಶ್ನೆಗಳ ಹಾಳೆಯೊಂದನ್ನು ರೂಪಿಸಿದರು: ಅಗಿಯುವಾಗ ನೋವಿದೆಯೇ, ನಿದ್ದೆ ಬರುತ್ತದೆಯೇ, ನಾಲ್ಕು ಜನರ ಮುಂದೆ ನಗಲು ಸಂಕೋಚವೇ. ಎಲ್ಲರೂ ಹೊಗಳಿದ ಆ ಹಾಳೆಯಲ್ಲಿ ಒಂದು ಎಡವಟ್ಟಿತ್ತು. ಮಾತು ಬಾರದವರ ಪರವಾಗಿ ಜೊತೆಗೆ ಬಂದವರೇ ಉತ್ತರಿಸುತ್ತಿದ್ದರು, ಡಾಕ್ಟರಮ್ಮ ಬರೆದುಕೊಳ್ಳುತ್ತಿದ್ದರು.

ಆರನೆಯ ವರ್ಷ, ಹುಟ್ಟಿನಿಂದ ಕೈಕಾಲು ಸ್ವಾಧೀನವಿಲ್ಲದ, ಮಾತು ಹೊರಡದ ನಲವತ್ತರ ವ್ಯಕ್ತಿಯೊಬ್ಬರನ್ನು ಅವರ ಅಕ್ಕ ಕರೆತಂದರು. ವಸಡು ಊದಿ ರಕ್ತ ಒಸರುತ್ತಿತ್ತು.

“ನೋವು ಗೀವು ಏನಿಲ್ಲ ಡಾಕ್ಟ್ರೇ, ಊಟಕ್ಕೆ ಹಟ ಮಾಡ್ತಾನೆ ಅಷ್ಟೆ. ಬಗ್ಗಿ ಬಗ್ಗಿ ಹಲ್ಲುಜ್ಜಿ ನನ್ನ ಸೊಂಟ ಬಿದ್ದುಹೋಯ್ತು. ಎಲ್ಲಾ ಕಿತ್ತುಬಿಡಿ.”

ಸೋತುಹೋದ ಹೆಂಗಸಿನ ಮಾತು, ತಳ್ಳಿಹಾಕುವಂಥದ್ದಲ್ಲ. ಡಾಕ್ಟರಮ್ಮ ಇಪ್ಪತ್ತಾರು ಹಲ್ಲುಗಳನ್ನೂ ಕೀಳಲು ದಿನ ಗೊತ್ತುಮಾಡಿ ಸಹಿ ಹಾಕಿದರು.

ಆ ದಿನ ಇಕ್ಕಳ ಕಂಡದ್ದೇ ತಡ, ಆತ ತುಟಿ ಬಿಗಿದುಕೊಂಡರು. “ನೋಡಿ, ಮತ್ತೆ ಹಟ,” ಎಂದರು ಅಕ್ಕ. ಹಟವೋ ಭಯವೋ ತಮಗೆ ಗೊತ್ತಿಲ್ಲವೆಂಬುದು ಡಾಕ್ಟರಮ್ಮನಿಗೆ ಆಗ ಹೊಳೆಯಿತು. ಇಕ್ಕಳ ಕೆಳಗಿಟ್ಟು ರೋಗಿಯೆದುರು ಕುಳಿತರು.

“ಹೌದಾದ್ರೆ ಕಣ್ಣು ಮುಚ್ಚಿ, ಇಲ್ಲಾಂದ್ರೆ ಬಿಟ್ಕೊಂಡೇ ಇರಿ. ನೋವಿದೆಯಾ?”

ಕಣ್ಣು ಮುಚ್ಚಿತು.

“ಊಟ ಬೇಡ ಅನ್ನೋದು ಅದಕ್ಕೇನಾ?”

ಮತ್ತೆ ಮುಚ್ಚಿತು.

“ಹಲ್ಲೆಲ್ಲಾ ಕೀಳ್ಲಾ?”

ಆತ ರೆಪ್ಪೆ ಬಡಿಯದೆ, ನೀರು ತುಂಬಿ ಹರಿಯುವವರೆಗೂ ಕಣ್ಣು ತೆರೆದೇ ಇದ್ದರು.

“ಇಷ್ಟು ವರ್ಷ ನಾನು ಕೇಳ್ಲೇ ಇಲ್ವಲ್ಲ!” ಎಂದು ಅಕ್ಕ ಅತ್ತರು.

“ನಾನೂ ಕೇಳ್ಲಿಲ್ಲಮ್ಮ,” ಎಂದರು ಡಾಕ್ಟರಮ್ಮ.

ತೀರಾ ಅಲುಗಾಡುತ್ತಿದ್ದ ಮೂರು ಹಲ್ಲು ಮಾತ್ರ ಹೋದವು. ಕುರ್ಚಿಯ ಹಿಂದೆ ನಿಂತು, ತಮ್ಮನ ತಲೆಯನ್ನು ಎದೆಗಾನಿಸಿಕೊಂಡು, ಸೊಂಟ ಬಗ್ಗಿಸದೆ ಹಲ್ಲುಜ್ಜುವುದನ್ನು ಅಕ್ಕನಿಗೆ ಎಂಟು ವಾರ ಹೇಳಿಕೊಟ್ಟರು. ಅದುವರೆಗೆ ತುಂಬಿಸಿದ್ದ ನಾನೂರು ಹಾಳೆಗಳನ್ನು ಬದಿಗಿಟ್ಟು, ಆ ರೋಗಿಗಳನ್ನೆಲ್ಲ ಮತ್ತೆ ಕರೆಸಿ ಅವರನ್ನೇ ಕೇಳಿದರು. ಆ ಹಾಳೆಗಳನ್ನು ಆಧರಿಸಿ ಬರೆಯಬೇಕಿದ್ದ ಸಂಶೋಧನಾ ಪ್ರಬಂಧ ತಡವಾಯಿತು, ಬಡ್ತಿಯೂ ತಡವಾಯಿತು; ಅದಕ್ಕಾಗಿ ಅವರು ಗೊಣಗಿದ್ದನ್ನು ಯಾರೂ ಕೇಳಿಲ್ಲ.

ಡಾಕ್ಟರಮ್ಮನ ನಿವೃತ್ತಿಗೆಂದು ಹೊರಡುತ್ತಿರುವ ಈ ಅಭಿನಂದನ ಸಂಪುಟಕ್ಕೆ ನಾಲ್ಕು ಮಾತು ಬೇಡಿ ಸಂಪಾದಕರು ಇತ್ತೀಚೆಗೆ ಆ ಅಕ್ಕ-ತಮ್ಮನ ಮನೆಗೆ ಹೋಗಿದ್ದರು. ಕೂದಲು ಪೂರ್ತಿ ನರೆತ ಅಕ್ಕ, “ನನ್ನನ್ಯಾಕೆ ಕೇಳ್ತೀರಿ? ಅವನಿದಾನಲ್ಲ,” ಎಂದು ಒಳಗೆ ಎದ್ದುಹೋದರು.

“ಡಾಕ್ಟರಮ್ಮ ನೂರ್ಕಾಲ ಬಾಳಲಿ, ನಿವೃತ್ತಿ ಆದ್ರೂ ಕೆಲಸ ಬಿಡದೆ ಇರಲಿ ಅಂತ ಬರೀಲಾ?” ಎಂದು ಸಂಪಾದಕರು ಕೇಳಿದರು.

ಆತ ಕಣ್ಣು ಮುಚ್ಚಿದರು. ಬಹಳ ಹೊತ್ತು ತೆರೆಯಲಿಲ್ಲ.